ಸೋರುವ ಮಿಂಚು

ಮಂಜು ಬೀಳುವ ಕಾಲ. ಬೆಳಗಿನ ಹೊತ್ತು ಹೊಲದ ಆ ಬದುವಿನಲ್ಲಿ ನಿಂತವರು ಈ ಬದುವಿನವರಿಗೆ ಕಾಣುತ್ತಿರಲಿಲ್ಲ. ಕೆಮ್ಮಿದರೆ ಮಾತ್ರ ಇದ್ದಾರೆಂದು ಗೊತ್ತಾಗುತ್ತಿತ್ತು. ಆಲೂಗೆಡ್ಡೆ ಅಗೆಯುವ ಕೆಲಸ ಅರ್ಧಕ್ಕೆ ಬಂದಿತ್ತು. ಮುದುಕ ಗುದ್ದಲಿಯಿಂದ ಮಣ್ಣೆತ್ತಿ ಕೊಡುತ್ತಿದ್ದ. ಅವನ ಹೆಂಡತಿ ಹಿಂದಿನಿಂದ ಕುಕ್ಕರಗಾಲಲ್ಲಿ ಸರಿಯುತ್ತ ಗೆಡ್ಡೆ ಆಯುತ್ತಿದ್ದಳು. ಇಡಿಯಾದದ್ದು ಮಾರಾಟದ ಚೀಲಕ್ಕೆ, ಗುದ್ದಲಿಯ ಪೆಟ್ಟು ತಿಂದದ್ದು ಮನೆಯ ಬುಟ್ಟಿಗೆ. ಹಾಗಾಗಿ ಆ ಕಾಲದಲ್ಲಿ ಆ ಮನೆಯವರು ತಿನ್ನುತ್ತಿದ್ದದ್ದು ಬರೀ ಗಾಯದ ಗೆಡ್ಡೆ.

"ಸ್ವಲ್ಪ ನೋಡ್ಕೊಂಡು ಗುದ್ದಿ. ಹೀಗಾದ್ರೆ ಮಾರೋಕೆ ಒಂದೂ ಉಳಿಯಲ್ಲ, ಎಲ್ಲಾ ನಾವೇ ತಿನ್ಬೇಕು."

"ಕಣ್ಣು ಮಂಜು ಅಂತ ಗೊತ್ತಿದ್ದೂ ಗುದ್ದಲಿ ಕೈಗೆ ಕೊಟ್ಟೋಳು ನೀನೇ ತಾನೇ? ತಿನ್ನು."

ಅಷ್ಟರಲ್ಲಿ ಮನೆಯ ಹಿಂದಿನ ಕೊಟ್ಟಿಗೆಯಿಂದ ಕಾರು ಶುರುವಾದ ಸದ್ದು ಬಂತು. ಇಬ್ಬರೂ ಕೈ ನಿಲ್ಲಿಸಿದರು. ಸದ್ದು ಎದ್ದಿತು, ನಡುಗಿತು, ಫಟ್ ಎಂದು ಒಮ್ಮೆ ಸೀನಿ ಮತ್ತೆ ನಡುಗಿತು. ಕುಂಟುತ್ತಲೇ ದಾರಿಗಿಳಿದು ಮಂಜಿನಲ್ಲಿ ಕರಗಿಹೋಯಿತು.

"ಕುಂಟ್ತಾ ಇದೆ ಕೆಂಪಿ," ಎಂದ ಮುದುಕ. "ನನ್ನ ಕೈಲಿದ್ದಾಗ ಹೀಗಿರಲಿಲ್ಲ. ಸೊಸೆ ಕುಂಟಿಸಿದಳು."

ಕೆಂಪಿ ಅಂದರೆ ಕಾರು. ಮನೆಯ ಕೊನೆಯ ಹಸು ಹೋದ ಮೇಲೆ ಮುದುಕ ಅದನ್ನು ಕೊಟ್ಟಿಗೆಗೆ ತಂದು ಕಟ್ಟಿದ್ದ. ಕಟ್ಟಿದ್ದ ಎಂದೇ ಅವನು ಹೇಳುವುದು. ಊರಿನ ಹಾಲಿನ ಕ್ಯಾನುಗಳನ್ನೆಲ್ಲ ಅದರಲ್ಲಿ ಹೇರಿಕೊಂಡು ವರ್ಷಗಟ್ಟಲೆ ಪೇಟೆಗೆ ಸಾಗಿಸಿದ. ಕಣ್ಣಿಗೆ ಮಂಜು ಕವಿದ ಮೇಲೆ ಬೀಗದ ಕೈಯನ್ನು ಮಗನಿಗೆ ಕೊಡಲಿಲ್ಲ, ಸೊಸೆಗೆ ಕೊಟ್ಟ. ಮಗ ಬಡಗಿ, ಅವನ ಕೆಲಸ ಅಂಗಳದಲ್ಲೇ. ಸೊಸೆ ಆಸ್ಪತ್ರೆಯ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರುವವಳು.

ಬೀಗದ ಕೈ ಕೊಟ್ಟರೂ ಮುದುಕ ಒಂದು ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ರಜೆಯ ದಿನ ಕೆಂಪಿಯನ್ನು ಅಂಗಳಕ್ಕೆ ತರಿಸಿ ತಾನೇ ತೊಳೆಯುತ್ತಿದ್ದ. ಮೈಗೆ ನೀರು, ಹೊಟ್ಟೆಗೆ ಸೀಮೆಎಣ್ಣೆ. ಮುಂದಿನ ಮುಚ್ಚಳ ಎತ್ತಿ, ಹಳೇ ಪಂಚೆಯ ಚೂರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿ, ಒಳಗಿನ ಒಂದೊಂದು ಕೊಳವೆಯನ್ನೂ ಒಂದೊಂದು ತಂತಿಯನ್ನೂ ಕರುವಿನ ಕಿವಿ ಉಜ್ಜುವ ಹಾಗೆ ಉಜ್ಜುತ್ತಿದ್ದ. ದಾರಿಹೋಕರು ನಿಂತು, "ಏನ್ ಯಜಮಾನ್ರೇ, ಮದುವೆ ಗಂಡಿನ ಹಾಗೆ ಮಿಂಚ್ತಾ ಇದೆಯಲ್ಲ," ಎಂದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಆ ಸಂಜೆ ಅಡುಗೆಮನೆಯಲ್ಲಿ ಬೇಯಿಸಿದ ಗೆಡ್ಡೆಯ ಹಬೆ ಮೇಲೇಳುತ್ತಿರುವಾಗ ಮುದುಕ ಕೇಳಿದ. ಸೊಸೆಯ ಕಡೆ ನೋಡಿ ಅಲ್ಲ, ಗೆಡ್ಡೆಯ ಕಡೆ ನೋಡಿ.

"ಇವತ್ತೆಲ್ಲಿ ನಿಲ್ತು?"

"ದಿಣ್ಣೆ ಅರ್ಧದಲ್ಲಿ, ಮಾವ. ಪಕ್ಕಕ್ಕೆ ನಿಲ್ಲಿಸಿ ಚೀಲ ಹೊತ್ಕೊಂಡು ನಡೆದು ಹೋದೆ."

"ಕ್ಯಾನು ತುಂಬಾ ಹಾಲು ಹೊತ್ಕೊಂಡು ಅದೇ ದಿಣ್ಣೆ ಹತ್ತಿದೆ ಅದು. ಕೆಮ್ಮಲಿಲ್ಲ ಕೂಡ."

"ಆಗ ಅದಕ್ಕೂ ಪ್ರಾಯ ಇತ್ತು, ನಿಮಗೂ ಪ್ರಾಯ ಇತ್ತು," ಎಂದಳು ಅತ್ತೆ.

"ಪ್ರಾಯದ ಮಾತಲ್ಲ. ಗೇರು. ಗೇರು ಹಾಕೋದು ಅಂದ್ರೆ ಮಜ್ಜಿಗೆ ಕಡೆಯೋದಲ್ಲ."

ಸೊಸೆ ಗೆಡ್ಡೆಯ ಸಿಪ್ಪೆ ಸುಲಿಯುತ್ತಿದ್ದ ಕೈಯನ್ನು ನಿಲ್ಲಿಸಲಿಲ್ಲ. "ಗೇರು ಹಾಕೋಕೆ ಕಲಿಸಿದ್ದು ಯಾರು ಮಾವ?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬಡಗಿ ನಗಲಿಲ್ಲ.

"ಹೋದ ತಿಂಗಳು ಪ್ಲಗ್ ಅಂದೆ, ಹಾಕ್ಸಿದ್ದಾಯ್ತು," ಎಂದ ಅವನು ಹೆಂಡತಿಗೆ. "ಅದಕ್ಕೆ ಮುಂಚೆ ಪೆಟ್ರೋಲಲ್ಲಿ ಕಸ ಅಂದೆ, ಟ್ಯಾಂಕು ತೊಳೆಸಿದ್ದಾಯ್ತು. ನಾಳೆ ಗಾಳೀಲೇ ಕಸ ಅಂತೀಯ."

ಮರುದಿನ ಬೆಳಿಗ್ಗೆ ಅವಳು ಕಾರು ಶುರು ಮಾಡಿದಾಗ ಬಡಗಿ ತನ್ನ ರಸಮಟ್ಟವನ್ನು ತಂದು ಮುಂದಿನ ಮುಚ್ಚಳದ ಮೇಲಿಟ್ಟ. ಗಾಜಿನ ನಳಿಗೆಯೊಳಗಿನ ಗುಳ್ಳೆ ಬಿಸಿ ಬಾಣಲೆಗೆ ಬಿದ್ದ ನೀರಹನಿಯಂತೆ ಕುಣಿಯಿತು.

"ನೋಡು. ಇದರ ಮೇಲೆ ಹಲಗೆ ಇಟ್ಟರೆ ತಾನಾಗೇ ಸೀಳಿಹೋಗತ್ತೆ. ಇದು ಬದುಕೋ ಲಕ್ಷಣ ಅಲ್ಲ."

ದಿಣ್ಣೆಯ ನೆತ್ತಿಯ ಮೇಲಿನ ಮನೆಯಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಕಲ್ಲುಗಣಿಯಲ್ಲಿ ಮೇಲಿನಿಂದ ಬಿದ್ದು, ಸೊಂಟದಿಂದ ಕೆಳಗೆ ಮೈ ತನ್ನದಲ್ಲದಂತಾಗಿ, ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ. ಪಟ್ಟಿ ಕಟ್ಟುವುದು ಒಂದು ದಿನ ತಪ್ಪಿದರೂ ಬೆನ್ನಿನ ಹುಣ್ಣು ಮತ್ತೆ ಕೆಡುತ್ತಿತ್ತು. ಮಲಗಿದವನಿಗೆ ದಾರಿ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಯಾರ ಗಾಡಿ, ಎಷ್ಟು ಭಾರ, ಯಾವ ತಿರುವು ಎಂದೆಲ್ಲ ಕಿವಿಯಲ್ಲೇ ಹೇಳಬಲ್ಲವನಾಗಿದ್ದ.

"ನರ್ಸಮ್ಮ," ಎಂದ ಅವನು, ಅವಳು ಪಟ್ಟಿ ಬಿಚ್ಚುತ್ತಿರುವಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ನಿನ್ನ ಗಾಡಿ ಮೂರು ಸಲ ಹೂಂ ಅಂತದೆ, ನಾಲ್ಕನೇದಕ್ಕೆ ಸುಮ್ಮನಿರ್ತದೆ. ದಿನಾ ಅದೇ ಜಾಗ. ಮೂರು ಹೂಂ, ಒಂದು ಮೌನ."

"ಅಷ್ಟು ಸ್ಪಷ್ಟವಾಗಿ ಕೇಳ್ಸತ್ತಾ?"

"ಬೇರೆ ಏನಿದೆ ನನಗೆ ಕೆಲಸ? ಕಲ್ಲೂ ಹಾಗೇ. ಒಳಗೆ ಬಿರುಕಿದ್ದರೆ ಸುತ್ತಿಗೆ ಕೂಗಿದಾಗ ಓಗೊಡೋದಿಲ್ಲ. ಹೊರಗಿಂದ ಎಷ್ಟೇ ನುಣ್ಣಗಿರಲಿ."

ಅವಳು ಹುಣ್ಣಿನ ಅಂಚನ್ನು ನೋಡಿದಳು. ಗುಲಾಬಿ ಬಣ್ಣದ ಹೊಸ ಚರ್ಮ ಅಂಚಿನಿಂದ ಒಳಕ್ಕೆ ಹೊಳೆದಂಡೆಯ ಹುಲ್ಲಿನಂತೆ ಹಬ್ಬುತ್ತಿತ್ತು. ಎಷ್ಟೋ ವರ್ಷ ಇದೇ ಕೆಲಸ ಮಾಡಿದ್ದರೂ ಅದನ್ನು ಕಂಡಾಗ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಆದರೆ ಆಸ್ಪತ್ರೆಯಲ್ಲಿ ದೊಡ್ಡ ನರ್ಸು ಕರೆದು ಹೇಳಿದಳು: "ನಡ್ಕೊಂಡು ಹೋಗಿ ನಿನ್ನೆ ಅರ್ಧಕ್ಕರ್ಧ ಮನೆಗಳನ್ನ ಬಿಟ್ಟಿದ್ದೀಯ. ಗಾಡಿ ಇಲ್ಲದವರಿಗೆ ದಿಣ್ಣೆ ಮನೆಗಳ ಸುತ್ತು ಕೊಡೋಕಾಗಲ್ಲ ತಾಯಿ. ಈ ತಿಂಗಳು ಕಾಯ್ತೀನಿ. ಆಮೇಲೆ ನೀನು ಇಲ್ಲೇ ಕೂತು ಚೀಟಿ ಬರಿ."

"ದಿಣ್ಣೆಗೆ ಯಾರು ಹೋಗ್ತಾರೆ?"

"ಬರೋಕಾಗೋರು ಇಲ್ಲಿಗೇ ಬರ್ತಾರೆ."

ಬರೋಕಾಗದವರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಅದೇ ವಾರ ಅವಳು ಮನೆಗೆ ಬಂದಾಗ ಅಂಗಳದಲ್ಲಿ ಕಬ್ಬಿಣದ ಒಂದು ದೊಡ್ಡ ಯಂತ್ರ ನಿಂತಿತ್ತು. ಬಡಗಿ ಅದರೊಳಗೆ ಒಂದು ಹಲಗೆ ತುರುಕಿದ. ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿ, ಆ ಕಡೆಯಿಂದ ಹಲಗೆ ಹೊರಬಂತು. ಕನ್ನಡಿ ಹಾಗೆ ನುಣ್ಣಗೆ. ಅತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು.

"ಎಲ್ಲಿಂದ ಬಂತು?" ಎಂದಳು ಸೊಸೆ.

"ಗುಜರಿಯವನದು. ಕೈಯಲ್ಲಿ ಎರಡು ದಿನ ಹತ್ರಿ ಹೊಡೆದು ಹಲಗೆ ನುಣುಪು ಮಾಡೋ ಕೆಲಸ ಒಂದು ಹೊತ್ತಿಗೆ ಮುಗೀತದೆ."

"ಅವನು ಸುಮ್ಮನೆ ಕೊಟ್ನಾ?"

ಬಡಗಿ ಮರದ ಪುಡಿಯನ್ನು ಊದಿದ. "ಗೆಡ್ಡೆ ಕೆಲಸ ಮುಗಿದ ಮೇಲೆ ಬಂದು ಕಾರು ಎಳ್ಕೊಂಡು ಹೋಗ್ತಾನೆ. ಅದಕ್ಕೆ ಇದು."

"ನನ್ನ ಕೇಳಿದ್ಯಾ?"

"ಕಾರು ಅಪ್ಪಂದು. ಅಪ್ಪನ್ನ ಕೇಳಿದೆ."

ಜಗಲಿಯ ಮೇಲಿದ್ದ ಮುದುಕ ಗಂಟಲು ಸರಿಮಾಡಿಕೊಂಡ. "ಕುಂಟೋ ದನ ಕಟ್ಕೊಂಡು ಎಷ್ಟು ದಿನ ಹುಲ್ಲು ಹಾಕೋದು ಅಂದ. ಹೂಂ ಅಂದೆ."

"ನನ್ನನ್ನಂತೂ ಯಾರೂ ಕೇಳಲಿಲ್ಲ," ಎಂದಳು ಅತ್ತೆ.

"ನಿನಗೇನು ಗೊತ್ತು ಕಾರಿನ ವಿಷಯ?"

"ಅದರ ಹಿಂದಿನ ಸೀಟಿನ ಕೆಳಗೆ ನನ್ನ ಹೇಂಟೆ ಮೊಟ್ಟೆ ಇಡತ್ತೆ. ಅಷ್ಟು ಗೊತ್ತು."

ಆ ರಾತ್ರಿ ಊಟದಲ್ಲಿ ಗಂಜಿಯನ್ನು ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಬಡಗಿ ಬಲಗೈ ಎತ್ತಲಾರದೆ ಎಡಗೈಯಲ್ಲಿ ಲೋಟ ಹಿಡಿದ. ಅವನ ಆ ಭುಜಕ್ಕೆ ದಿನವೂ ಎಣ್ಣೆ ತಿಕ್ಕುವವಳು ಹೆಂಡತಿಯೇ. ಅಂದೂ ತಿಕ್ಕಿದಳು.

"ಭುಜ ನೋಡ್ತಾ ಇದ್ದೀಯಲ್ಲ," ಎಂದ ಅವನು ಮೆಲ್ಲಗೆ.

"ಅದನ್ನ ನೋಡ್ತಾ ಇದ್ದೀನಿ. ನೀನು ದಿಣ್ಣೆ ಮೇಲಿನವನ ಬೆನ್ನು ನೋಡಿಲ್ಲ."

ಪೇಟೆಯ ಮೆಕ್ಯಾನಿಕ್ಕನನ್ನು ಕಾಣಲು ಅವಳು ಬಸ್ಸಿನಲ್ಲಿ ಹೋದಳು. ಕಂಡದ್ದು ಅವನ ಕಾಲು ಮಾತ್ರ. ಉಳಿದದ್ದೆಲ್ಲ ಒಂದು ಲಾರಿಯ ಕೆಳಗಿತ್ತು. ಊರಿಗೆ ಬರಲು ಪುರುಸೊತ್ತಿಲ್ಲ ಎಂದವು ಕಾಲುಗಳು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ರೋಗಿಯ ವಿವರ ಒಪ್ಪಿಸುವ ಹಾಗೆ ಒಪ್ಪಿಸಿದಳು: ಮಂಜಿನ ದಿನ ಹೆಚ್ಚು, ಬಿಸಿಲೇರಿದ ಮೇಲೆ ಕಡಿಮೆ, ಸಪಾಟಿನಲ್ಲಿ ಪರವಾಗಿಲ್ಲ, ಏರಿನಲ್ಲಿ ಪ್ರಾಣ ಇಲ್ಲ, ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ, ಮೂರು ಹೂಂ, ಒಂದು ಮೌನ.

ಹೆಬ್ಬೆರಳು ಅಲುಗಿತು. "ಪ್ಲಗ್ ಹೊಸದಾ?"

"ಹೊಸದು."

"ಪ್ಲಗ್ಗಿಗೆ ಹೋಗೋ ವಯರು?"

"ಹಳೇದು. ಆದರೆ ನೋಡೋಕೆ ಮಿರಿಮಿರಿ ಅಂತವೆ."

"ಮೇಲೆ ನೋಡಿ ಏನಾಗಬೇಕು? ಕತ್ತಲೆ ಮಾಡಿ ನೋಡಮ್ಮ. ಶೆಡ್ಡಿದೆಯಾ? ಗಾಡಿ ಹಿಂಭಾಗ ಬಾಗಿಲಾಚೆ ಇರಲಿ, ಮುಂಭಾಗ ಒಳಗೆ. ಗೋಣಿ ಕಟ್ಟು. ಹೊಗೆ ಹೊರಗೆ ಹೋಗಬೇಕು, ಬೆಳಕು ಒಳಗೆ ಬರಬಾರದು. ಶುರು ಮಾಡಿ ಮುಚ್ಚಳ ಎತ್ತು. ಕೈ ಬೆನ್ನ ಹಿಂದೆ ಕಟ್ಕೊಂಡು ನೋಡು. ಮುಟ್ಟಿದ್ಯೋ, ಮೂರು ದಿನ ಹಲ್ಲು ಜುಂ ಅನ್ನತ್ತೆ."

"ಏನು ಕಾಣತ್ತೆ?"

"ನೋಡು. ಹೇಳಿದರೆ ನಂಬಲ್ಲ," ಎಂದವು ಕಾಲುಗಳು.

ಮರುದಿನ ಮಧ್ಯಾಹ್ನ ಬಡಗಿ ಮರ ತರಲು ಹೋಗಿದ್ದ. ಅತ್ತೆ ಸೊಸೆ ಇಬ್ಬರೂ ಸೇರಿ ಆಲೂಗೆಡ್ಡೆಯ ಖಾಲಿ ಚೀಲಗಳನ್ನು ಕೊಟ್ಟಿಗೆಯ ಕಿಂಡಿಗಳಿಗೆ ತುರುಕಿದರು. ಕಾರಿನ ಬೆನ್ನಿನ ಸುತ್ತ ಬಾಗಿಲಿಗೆ ಚೀಲಗಳನ್ನು ಇಳಿಬಿಟ್ಟರು. ಹೇಂಟೆಯನ್ನು ಓಡಿಸಿದರು. ಒಳಗೆ ಹಸುವಿನ ಹಳೇ ವಾಸನೆ ಇನ್ನೂ ಇತ್ತು. ಸೊಸೆ ಕಾರು ಶುರು ಮಾಡಿ ಬಂದು ಮುಚ್ಚಳ ಎತ್ತಿ ಕೋಲು ಕೊಟ್ಟು ನಿಲ್ಲಿಸಿದಳು. ಕತ್ತಲೆ. ನಡುಗುವ ಕಬ್ಬಿಣದ ಬಿಸಿ ಮುಖಕ್ಕೆ ರಾಚುತ್ತಿತ್ತು.

"ಏನೂ ಕಾಣಲ್ವಲ್ಲೇ."

"ತಾಳಿ ಅತ್ತೆ. ಕಣ್ಣು ಕತ್ತಲೆಗೆ ಒಗ್ಗಲಿ."

ಮೊದಲು ಕಂಡದ್ದು ಒಂದು ನೂಲು. ಜೇಡನ ಬಲೆಯ ಎಳೆಯಷ್ಟು ತೆಳ್ಳಗೆ, ನೀಲಿ. ಇತ್ತು, ಇಲ್ಲವಾಯಿತು, ಇತ್ತು. ಕಣ್ಣು ಇನ್ನಷ್ಟು ತೆರೆದಂತೆ ಆ ನೂಲಿನ ಪಕ್ಕದಲ್ಲಿ ಇನ್ನೊಂದು, ಅದರ ಕೆಳಗೆ ಇನ್ನೊಂದು. ಕಪ್ಪು ವಯರುಗಳ ಮೈಯಿಂದ ನೀಲಿ ಎಳೆಗಳು ಚಿಮ್ಮಿ ಪಕ್ಕದ ಕಬ್ಬಿಣಕ್ಕೆ ಹಾರುತ್ತಿದ್ದವು. ಒಂದು ವಯರಿನ ಉದ್ದಕ್ಕೂ ಮಿಣುಕುಹುಳುಗಳ ಸಾಲು ನಡೆದುಹೋಗುವ ಹಾಗೆ ಬೆಳಕು ಹರಿದಾಡುತ್ತಿತ್ತು. ಸದ್ದಿಗೆ ಕಿವಿಗೊಟ್ಟರೆ, ಎಂಜಿನ್ನಿನ ಗದ್ದಲದ ಅಡಿಯಲ್ಲಿ, ಒಣ ಎಲೆಯ ಮೇಲೆ ಇರುವೆ ನಡೆದಂಥ ಚಿಟಿಚಿಟಿ.

ಅತ್ತೆ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಿಂಚು ಕಣೇ," ಎಂದಳು ಪಿಸುದನಿಯಲ್ಲಿ, ಮಗು ಮಲಗಿರುವ ಕೋಣೆಯಲ್ಲಿ ಮಾತಾಡುವವಳಂತೆ. "ಇಷ್ಟು ವರ್ಷ ನನ್ನ ಕೊಟ್ಟಿಗೇಲಿ ಮಿಂಚು ಕಟ್ಟಿಹಾಕಿದ್ರಾ ಇವರು?"

ಮಂಜಿನ ತೇವದಲ್ಲಿ ಏನಾಗುತ್ತದೋ ನೋಡಲೆಂದು ಸೊಸೆ ಬಾಗಿಲ ಬಳಿಯ ಬಕೆಟ್ಟಿನಲ್ಲಿ ಬೆರಳ ತುದಿ ಅದ್ದಿ ದೂರದಿಂದ ನೀರು ಚಿಮುಕಿಸಿದಳು. ನೀಲಿ ಎಳೆಗಳು ಒಮ್ಮೆಗೇ ಕವಲೊಡೆದು ಗಿಡವಾಗಿ ಹರಡಿದವು. ಎಂಜಿನ್ನು ತತ್ತರಿಸಿ ಸೀನಿತು. ಇಬ್ಬರ ಮುಖವೂ ಒಂದು ಗಳಿಗೆ ನೀಲಿಯಾಗಿ ಕಂಡಿತು.

"ಒಳಗೆ ಹೋಗಬೇಕಾದ ಬೆಂಕಿ ಇದು ಅತ್ತೆ. ಹೊರಗೆ ಸೋರ್ತಾ ಇದೆ. ಅದಕ್ಕೇ ನಾಲ್ಕನೇದು ಸುಮ್ಮನಿರೋದು. ಅದರ ಪಾಲಿನ ಬೆಂಕಿ ಅದಕ್ಕೆ ಸಿಗ್ತಾನೇ ಇಲ್ಲ."

ಅತ್ತೆ ಗೋಣಿಯ ಸಂದಿನಿಂದ ತಲೆ ಹೊರಹಾಕಿ ಕೂಗಿದಳು: "ರೀ! ಬನ್ನಿ ಇಲ್ಲಿ! ಗುದ್ದಲಿ ಬಿಸಾಕಿ ಬನ್ನಿ! ಇಂಥದ್ದು ಸತ್ತ ಮೇಲೂ ನೋಡೋಕೆ ಸಿಗಲ್ಲ!"

ಮುದುಕ ಮಣ್ಣು ಕಾಲಲ್ಲೇ ಬಂದ. ಒಳಗೆ ಬಂದು ಕತ್ತಲೆಯಲ್ಲಿ ತಡವರಿಸಿ ನಿಂತ. "ನನ್ನ ಕಣ್ಣಿಗೆ ಹಗಲೇ ಕಾಣಲ್ಲ, ಕತ್ತಲೇಲಿ ಏನು ತೋರಿಸ್ತೀಯ," ಎನ್ನುತ್ತಿದ್ದವನು ಮಾತು ನಿಲ್ಲಿಸಿದ. ಮಂಜುಗಣ್ಣಿಗೂ ಅದು ಕಂಡಿತು. ಮಂಜಿನಿಂದಾಗಿಯೇ ಬೇರೆಯವರಿಗಿಂತ ದೊಡ್ಡದಾಗಿ, ಹೂವಿನ ಹಾಗೆ ಅರಳಿ ಕಂಡಿತೋ ಏನೋ. ಅವನ ಬಾಯಿ ತೆರೆದೇ ಇತ್ತು.

"ಇದು ಮುಂಚಿಂದಲೂ ಇತ್ತಾ ಅದರೊಳಗೆ?"

"ಇತ್ತು ಮಾವ. ಒಳಗೇ ಇತ್ತು. ಕಾಣಬಾರದಾಗಿತ್ತು."

"ನಾನು ವಾರವಾರ ಮುಟ್ತಿದ್ದೆ," ಎಂದ ಮುದುಕ. "ಕರು ಮುಟ್ಟಿದ ಹಾಗೆ ಮುಟ್ತಿದ್ದೆ. ಇಂಥದ್ದು ಇದೆ ಅಂತ ಗೊತ್ತೇ ಇರಲಿಲ್ಲ."

ಮೂವರೂ ಅಲ್ಲೇ ನಿಂತರು. ಒಲೆಯ ಮೇಲೆ ಗಂಜಿ ಇಟ್ಟು ಬಂದದ್ದು ಅತ್ತೆಗೆ ಮರೆತಿತ್ತು. ಅದು ಉಕ್ಕಿ ಒಲೆ ಆರಿಸಿದ ವಾಸನೆ ಬಂದಾಗಲೇ ಅವಳು ಓಡಿದ್ದು.

ಸೊಸೆ ಕಾರನ್ನು ಆರಿಸಿದಳು. ಗೋಣಿ ತೆಗೆದು ಬೆಳಕು ಬಿಟ್ಟಳು. ಎಂಜಿನ್ನು ತಣ್ಣಗಾದ ಮೇಲೆ, ಮಿಂಚು ಹೆಚ್ಚು ಚಿಮ್ಮುತ್ತಿದ್ದ ವಯರನ್ನು ಎರಡು ಬೆರಳಿನಿಂದ ಒತ್ತಿ ನೋಡಿದಳು. ಊತ ನೋಡಿ ಪಳಗಿದ ಬೆರಳು. ವಯರು ಬಾತುಕೊಂಡಿತ್ತು, ಒತ್ತಿದ ಕಡೆ ತಗ್ಗು ಬಿದ್ದು ಹಾಗೇ ಉಳಿಯಿತು. ಮೇಲಿನ ಮಿರುಗು ಬೆರಳಿಗೆ ಜಿಗುಟಾಗಿ ಹತ್ತಿಕೊಂಡಿತು. ಮೂಸಿದಳು. ಸೀಮೆಎಣ್ಣೆ.

ಕೊಟ್ಟಿಗೆಯ ಮೂಲೆಯಲ್ಲಿ ಸೀಮೆಎಣ್ಣೆಯ ಡಬ್ಬಿಯೂ, ಅದರ ಬಾಯಿಗೆ ಸಿಕ್ಕಿಸಿದ ಪಂಚೆಯ ಚೂರೂ ಇದ್ದವು. ಅವಳು ಅತ್ತ ನೋಡಿದಳು. ಮುದುಕನೂ ಅತ್ತ ನೋಡಿದ. ರಬ್ಬರು ತಿನ್ನುವ ಎಣ್ಣೆ ಅದು. ಆಸ್ಪತ್ರೆಯ ರಬ್ಬರು ಕೊಳವೆಗಳಿಗೆ ತಾಕಿಸಬೇಡಿ ಎಂದು ಅವಳಿಗೆ ಮೊದಲ ದಿನವೇ ಕಲಿಸಿದ್ದರು. ಇದೇ ಕೊಟ್ಟಿಗೆಯಲ್ಲಿ ವಾರವಾರ ತಿಕ್ಕುತ್ತಿದ್ದುದನ್ನು ನೋಡಿಯೂ ಅವಳಿಗದು ಹೊಳೆದಿರಲಿಲ್ಲ.

ಅಷ್ಟರಲ್ಲಿ ಬಡಗಿ ಬಂದ. ಗೋಣಿಗಳನ್ನು, ಬಕೆಟ್ಟನ್ನು, ಎದ್ದುನಿಂತ ಮುಚ್ಚಳವನ್ನು ನೋಡಿದ. "ಏನಿದು ನಾಟಕ?"

"ವಯರು ಹೋಗಿದೆ. ಕಾರಿಗೇನೂ ಆಗಿಲ್ಲ. ವಯರು ಬದಲಾಯಿಸಿದರೆ ಸರಿಹೋಗತ್ತೆ."

"ವಯರು ಯಾಕೆ ಹೋಯ್ತು? ಯಾರು ಹಾಳು ಮಾಡಿದ್ದು?"

ಮುದುಕ ಗೋಡೆಗೆ ಕೈ ಊರಿ ನಿಂತ. ಅಷ್ಟು ದಿನ ಊಟದ ಹೊತ್ತಿಗೆ ಮಾವನಿಂದ ಕೇಳಿದ ಗೇರಿನ ಮಾತುಗಳೆಲ್ಲ ಸೊಸೆಯ ನಾಲಿಗೆಯ ತುದಿಗೆ ಬಂದು ನಿಂತವು. ಒಂದೇ ಮಾತು ಸಾಕಿತ್ತು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ರಬ್ಬರ್ ತಾನೇ," ಎಂದಳು. "ಸವೆಯತ್ತೆ."

ಹೊಸ ವಯರುಗಳನ್ನು ತಂದದ್ದೂ ಅವಳೇ, ಹಾಕಿದ್ದೂ ಅವಳೇ. ರಜೆಯ ದಿನ ಕಾರನ್ನು ಅಂಗಳಕ್ಕೆ ತಂದಳು. ಒಂದು ಕಿತ್ತು ಒಂದು ಹಾಕಬೇಕು, ಎಲ್ಲ ಒಟ್ಟಿಗೆ ಕೀಳಬಾರದು ಎಂದು ಲಾರಿಯ ಕೆಳಗಿನ ಕಾಲುಗಳು ಹೇಳಿದ್ದವು. ಒಂದರ ಬೆಂಕಿ ಇನ್ನೊಂದಕ್ಕೆ ಹೋದರೆ ಎಂಜಿನ್ನು ಒದೆಯುತ್ತದಂತೆ. ಅತ್ತೆಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತನ್ನ ಕೋಳಿಗಳು ಪಕ್ಕದ ಮನೆಯ ಕೋಳಿಗಳಲ್ಲಿ ಬೆರೆತು ಹೋಗದಿರಲೆಂದು ಅವುಗಳ ಕಾಲಿಗೆ ಬಣ್ಣದ ದಾರ ಕಟ್ಟುವುದು ಅವಳ ಪದ್ಧತಿ. ಅದೇ ದಾರದ ಉಂಡೆ ತಂದು ಒಂದೊಂದು ವಯರಿಗೂ ಅದು ಕೂರುವ ಜಾಗಕ್ಕೂ ಒಂದೊಂದು ಬಣ್ಣ ಕಟ್ಟಿದಳು.

"ಕೆಂಪಿಗೂ ಕಾಲ್ದಾರ ಆಯ್ತು," ಎಂದ ಮುದುಕ ಜಗಲಿಯಿಂದ. ಅವತ್ತು ಅವನು ಹತ್ತಿರ ಬರಲಿಲ್ಲ.

"ನಿಮಗೂ ಒಂದು ಕಟ್ತೀನಿ, ಸಂಜೆ ಮನೆ ದಾರಿ ತಪ್ತೀರಲ್ಲ."

ಸೊಸೆ ವಯರಿನ ಮೈ ಹಿಡಿದು ಎಳೆಯದೆ, ಅದರ ರಬ್ಬರು ಟೋಪಿಯನ್ನು ಹಿಡಿದು ಮೆಲ್ಲಗೆ ತಿರುಚಿ ಕಿತ್ತಳು. ಅಂಟಿದ ಪಟ್ಟಿಯನ್ನು ನೋವಾಗದಂತೆ ಬಿಡಿಸುವ ಕೈಚಳಕ ಅದು. ಕಿತ್ತದ್ದರ ಪಕ್ಕ ಹೊಸದನ್ನಿಟ್ಟು ಉದ್ದ ನೋಡಿದಳು. ಬಿಸಿ ಕೊಳವೆಗೆ ತಾಕದಂತೆ ಕೊಂಡಿಯಲ್ಲಿ ಕೂರಿಸಿ ಹಳೇ ದಾರಿಯಲ್ಲೇ ಹಾಯಿಸಿದಳು. ತುದಿಯನ್ನು ಒತ್ತಿದಳು. ಒಳಗೆಲ್ಲೋ ಟಕ್ ಎಂದು ಹಲ್ಲು ಕಚ್ಚಿದ ಸದ್ದು ಬೆರಳಿಗೆ ತಿಳಿಯಿತು. ಹಸಿರು ದಾರ ಹಸಿರಿಗೆ, ಹಳದಿ ಹಳದಿಗೆ. ಬಡಗಿ ಯಂತ್ರದ ಪಕ್ಕ ನಿಂತು, ಕೆಲಸ ಮಾಡುತ್ತಿರುವವನ ಹಾಗೆ, ಒಂದೇ ಹಲಗೆಯನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದ.

ಕೊನೆಯದು ಕೂತಿತು. ಅವಳು ಒಳಗೆ ಕೂತು ಬೀಗದ ಕೈ ತಿರುವಿದಳು.

ಕಾರು ಶುರುವಾದದ್ದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಸದ್ದು ಅಷ್ಟು ಕಡಿಮೆಯಿತ್ತು. ನಡುಕವಿಲ್ಲ, ಸೀನಿಲ್ಲ, ತುಂಬಿದ ಹೊಟ್ಟೆಯ ಹಸು ಮೆಲುಕು ಹಾಕುವ ಹಾಗೆ ಒಂದೇ ಸಮನೆ, ಒಂದೇ ಲಯದಲ್ಲಿ. ಅತ್ತೆ ಕೈಯಲ್ಲಿದ್ದ ದಾರದ ಉಂಡೆಯನ್ನು ಎದೆಗೆ ಒತ್ತಿಕೊಂಡಳು. ಅಂಗಳದ ಕೋಳಿಗಳೂ ತಲೆ ಎತ್ತಿ ನಿಂತವು.

ಬಡಗಿ ಹಲಗೆ ಕೆಳಗಿಟ್ಟ. ಒಳಗೆ ಹೋಗಿ ರಸಮಟ್ಟ ತಂದು ಮುಚ್ಚಳ ಮುಚ್ಚಿ ಅದರ ಮೇಲಿಟ್ಟ. ಬಗ್ಗಿ ನೋಡಿದ. ಕಣ್ಣು ಗಾಜಿಗೆ ತಾಗುವಷ್ಟು ಬಗ್ಗಿದ. ಗುಳ್ಳೆ ಎರಡು ಗೆರೆಗಳ ನಡುವೆ, ಉಸಿರಾಡುತ್ತಿರುವವರ ಎದೆಯಂತೆ ಕಂಡೂ ಕಾಣದ ಹಾಗೆ ಅಲುಗುತ್ತ, ಕೂತಿತ್ತು.

"ಒಳಗೆ ಬೆಂಕಿ ಸಿಡೀತಾ ಇದೆ ಅಂತೀಯ," ಎಂದ ಅವನು.

"ಒಂದು ಮಾತು ಆಡಿ ಮುಗಿಸೋದರೊಳಗೆ ನೂರು ಸಲ."

"ನೂರು ಸಲ," ಎಂದ ಬಡಗಿ. "ಗುಳ್ಳೆ ಅಲ್ಲಾಡಲ್ಲ." ಜೀವಮಾನವಿಡೀ ಮಟ್ಟ ನೋಡಿದವನು ಅಂಥ ಮಟ್ಟವನ್ನು ಕಂಡಿರಲಿಲ್ಲ. ಸೋತದ್ದು ಅವನಿಗೆ ನೆನಪಾದದ್ದು ಆಮೇಲೆ. ತಿರುಗಿ ಯಂತ್ರವನ್ನು ನೋಡಿದ. "ಗುಜರಿಯವನಿಗೆ ಮಾತು ಕೊಟ್ಟಿದ್ದೀನಿ."

"ನೀನು ಕೊಟ್ಟಿದ್ದು ಕುಂಟೋ ಕಾರಿನ ಮಾತು," ಎಂದಳು ಅತ್ತೆ.

"ಮಾತಿಗೆ ಕುಂಟು ಇರಲ್ಲಮ್ಮ. ಕಾರು ಕೊಡಬೇಕು, ಇಲ್ಲ ಮೆಷಿನ್ ವಾಪಸ್ ಮಾಡಬೇಕು. ಏನೂ ಕೊಡದೆ ಇಟ್ಕೊಳ್ಳೋಕಾಗಲ್ಲ."

ಆಗ ಜಗಲಿಯಿಂದ ಮುದುಕ ಇಳಿದು ಬಂದ. "ಹೂಂ ಅಂದವನು ನಾನು. ಅದನ್ನ ವಾಪಸ್ ತಗೊಳ್ಳೋಕೂ ನಾನೇ ಬರ್ತೀನಿ. ಹೇರೋ ಮೆಷಿನ್ನ. ಕೆಂಪಿ ಹೊರಲಿ."

ಗುಜರಿ ಅಂಗಡಿ ಇರುವುದು ದಿಣ್ಣೆಯ ಆಚೆ. ಹಾಲಿನ ಕಾಲದ ಹಳೇ ತಳ್ಳುಬಂಡಿಯನ್ನು ಕಾರಿನ ಹಿಂದೆ ಕಟ್ಟಿ, ನೆರೆಯವರನ್ನು ಕರೆದು ಯಂತ್ರ ಏರಿಸಿದರು. ಏರಿಸುವ ಮುಂಚೆ ಬಡಗಿ ಅದರ ಅಲಗು ಬಿಚ್ಚಿ ಸಾಣೆ ಹಿಡಿದು, ತಂದಾಗ ಇದ್ದುದಕ್ಕಿಂತ ಹರಿತ ಮಾಡಿ ಕೂರಿಸಿದ. ಸೊಸೆ ಸ್ಟಿಯರಿಂಗ್ ಚಕ್ರ ಹಿಡಿದು ಕೂತಳು, ಪಕ್ಕದಲ್ಲಿ ಗಂಡ. ಹಿಂದೆ ಮಾವ, ಅತ್ತೆ, ಮತ್ತು ಕೊನೆಗೂ ಸೀಟಿನ ಕೆಳಗಿನಿಂದ ಏಳಲೊಪ್ಪದ ಹೇಂಟೆ.

ಮಂಜು ಇನ್ನೂ ಬಿಟ್ಟಿರಲಿಲ್ಲ. ದಿಣ್ಣೆಯ ಬುಡದಲ್ಲಿ ಅವಳು ಗೇರು ಇಳಿಸಿದಳು. ಹಿಂದಿನಿಂದ ಮಾತು ಬರಬಹುದೆಂದು ಕಾದಳು. ಬರಲಿಲ್ಲ. ಏರು ಶುರುವಾಯಿತು. ದಿನವೂ ನಿಲ್ಲುತ್ತಿದ್ದ ತಿರುವು ಬಂತು. ಹಿಂದೆ ಕಬ್ಬಿಣದ ಭಾರ ಕೆಳಕ್ಕೆ ಜಗ್ಗುತ್ತಿತ್ತು, ಮುಂದೆ ಕಣ್ಣಿಗೆ ಕಾಣದ ನಾಲ್ಕು ಕಿಡಿ ಮೇಲಕ್ಕೆ ಎಳೆಯುತ್ತಿದ್ದವು; ಒಂದಾದ ಮೇಲೊಂದು, ಸರದಿ ತಪ್ಪದೆ, ಯಾವುದೂ ತನ್ನ ಪಾಲಿನ ಕೆಲಸ ಬಿಡದೆ. ಅಂಗೈಯಲ್ಲಿ ಹಿಡಿದ ಚಕ್ರದ ಮೂಲಕ ಅದು ಅವಳ ಮೊಣಕೈವರೆಗೂ ತಿಳಿಯುತ್ತಿತ್ತು. ಗಾಯದ ಅಂಚಿನಲ್ಲಿ ಹಬ್ಬುವ ಚರ್ಮ ನೆನಪಾಯಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ತಿರುವು ಹಿಂದೆ ಬಿತ್ತು. ನೆತ್ತಿಯ ಮನೆಯ ಕಿಟಕಿ ಮಂಜಿನಿಂದ ಮೂಡಿತು. ಒಳಗಿನಿಂದ ಗೋಡೆಗೆ ಕಲ್ಲಿನಿಂದ ಬಡಿದ ಸದ್ದು ಕೇಳಿತು: ಟಕ್, ಟಕ್, ಟಕ್, ಟಕ್. ಒಂದು ಗಳಿಗೆ ಬಿಟ್ಟು ಮತ್ತೆ ಹಾಗೇ.

"ಯಾರದು?" ಎಂದ ಮುದುಕ.

"ಎಣಿಸ್ತಾ ಇದ್ದಾನೆ ಮಾವ," ಎಂದಳು ಸೊಸೆ. "ನಾಲ್ಕೂ ಸಿಕ್ಕಿದವು ಅಂತ."

ಗುಜರಿಯವನ ಅಂಗಳದಲ್ಲಿ ಸತ್ತ ಕಾರುಗಳು ಮುಚ್ಚಳ ತೆರೆದುಕೊಂಡು ಸಾಲಾಗಿ ನಿಂತಿದ್ದವು. ಮುದುಕ ಒಂದೊಂದರ ಬಳಿಗೂ ಹೋಗಿ ಒಳಗೆ ಇಣುಕಿದ. ಜೋತುಬಿದ್ದ ವಯರುಗಳನ್ನು ಮುಟ್ಟದೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದ. ಗುಜರಿಯವ ಯಂತ್ರದ ಅಲಗಿಗೆ ಉಗುರು ತಾಗಿಸಿ ಪರೀಕ್ಷಿಸಿದ. ಕೆಂಪಿಯ ಮುಚ್ಚಳ ಎತ್ತಿಸಿ ನೋಡಿದ.

"ಇದೇನ್ರೀ, ಬಣ್ಣಬಣ್ಣದ ದಾರ? ಕಾರಾ, ಕೋಳಿನಾ?"

"ಕೋಳಿ ಸೀಟಿನ ಕೆಳಗಿದೆ, ತೋರಿಸ್ಲಾ?" ಎಂದಳು ಅತ್ತೆ.

ಗುಜರಿಯವ ನಕ್ಕ. ಅಲಗಿನ ಹರಿತ ನೋಡಿ, ಬಳಸಿದ ಬಾಡಿಗೆ ಕೇಳಲಿಲ್ಲ. ಯಂತ್ರ ಇಳಿಸಿಕೊಂಡು, "ಲೆಕ್ಕ ಚುಕ್ತಾ," ಎಂದು ಅಂಗೈ ಝಾಡಿಸಿದ. ಬಡಗಿ ಖಾಲಿ ಬಂಡಿಯನ್ನು ಒಮ್ಮೆ ನೋಡಿ ಕಾರಿಗೆ ಹತ್ತಿದ. ದಾರಿಯುದ್ದಕ್ಕೂ ಬಲ ಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ದಿಣ್ಣೆ ಇಳಿಯುವಾಗ ಸೊಸೆ ಹೇಳಿದಳು: "ದಿಣ್ಣೆ ಸುತ್ತು ನನ್ನ ಹತ್ರಾನೇ ಉಳಿದ್ರೆ ಬೇಸಿಗೆ ಹೊತ್ತಿಗೆ ಆ ಮೆಷಿನ್ನನ್ನೇ ಕೊಳ್ಳಬಹುದು."

"ಬೇಸಿಗೆ ಬರಲಿ," ಎಂದ ಅವನು. ಸ್ವಲ್ಪ ಹೊತ್ತಾದ ಮೇಲೆ ರಸಮಟ್ಟವನ್ನು ತೊಡೆಯ ಮೇಲಿಟ್ಟುಕೊಂಡು ಗುಳ್ಳೆಯನ್ನು ನೋಡುತ್ತ ಕೂತ.

ಗೆಡ್ಡೆ ಅಗೆತ ಮುಗಿಯಿತು. ಮನೆಯ ಬುಟ್ಟಿಯಲ್ಲಿ ಗಾಯದ ಗೆಡ್ಡೆಗಳು ಇನ್ನೂ ಇದ್ದವು. ರಜೆಯ ದಿನ ಬಿಸಿಲು ಬಂದಿತ್ತು. ಸೊಸೆ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಬಾವಿಯ ಕಡೆ ಬಟ್ಟೆ ಒಗೆಯಲು ಹೋದಳು. ಮುದುಕ ಕೊಟ್ಟಿಗೆಗೆ ಹೋಗಿ ಸೀಮೆಎಣ್ಣೆಯ ಡಬ್ಬಿ ಎತ್ತಿಕೊಂಡು ಬಂದದ್ದನ್ನು ಅವಳು ಕಂಡಳು. ಕೈಯಲ್ಲಿದ್ದ ಬಟ್ಟೆ ಹಿಂಡುವುದನ್ನು ಮರೆತು ನಿಂತಳು.

ಅವನು ಕಾರಿನ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಡಬ್ಬಿಯನ್ನು ಅಡುಗೆಮನೆಯ ಬಾಗಿಲಿಗೆ ಒಯ್ದು, "ತಗೊಳ್ಳೇ, ಲಾಟೀನಿಗೆ ಹಾಕ್ಕೋ," ಎಂದು ಹೆಂಡತಿಯ ಕೈಗೆ ಕೊಟ್ಟ. ಪಂಚೆಯ ಚೂರನ್ನು ಒಲೆಗೆ ಹಾಕಿದ. ಕಾಲೆಳೆಯುತ್ತ ಬಾವಿಯವರೆಗೂ ಬಂದ. ಸೊಸೆಯ ಕಡೆ ನೋಡಲಿಲ್ಲ. ಒಗೆದ ಬಟ್ಟೆಗಳ ಕಡೆ ನೋಡಿದ.

"ಒಂದು ಒಣ ಬಟ್ಟೆ ಇದ್ದರೆ ಕೊಡಮ್ಮ," ಎಂದ. "ಬರೀ ಒಣದು."

ಅವಳು ಹಗ್ಗದ ಮೇಲೆ ಬಿಸಿಲಿಗೆ ಕಾದಿದ್ದ ತನ್ನ ಹಳೇ ಸೀರೆಯ ತುಂಡೊಂದನ್ನು ಎಳೆದು, ಹರಿದು, ನಾಲ್ಕು ಮಡಿಕೆ ಮಾಡಿ ಅವನ ಕೈಗಿಟ್ಟಳು. ಅವನು ಇನ್ನೇನೋ ಹೇಳಬೇಕೆಂದಿದ್ದವನ ಹಾಗೆ ನಿಂತ.

"ಬಿಸಿಲು ಹೋಗೋ ಮುಂಚೆ ಒರೆಸಿಬಿಡಿ ಮಾವ," ಎಂದಳು. "ನಾಳೆ ದಿಣ್ಣೆಗೆ ಹೋಗಬೇಕು."

ಮುದುಕ ಹೋದ. ಮುಚ್ಚಳ ಎತ್ತಿದ. ಬಣ್ಣದ ದಾರ ಕಟ್ಟಿದ ವಯರುಗಳನ್ನು ಒಣ ಬಟ್ಟೆಯಿಂದ, ಉಜ್ಜದೆ, ನಿದ್ದೆಯಲ್ಲಿರುವ ಮಗುವಿನ ಮುಖದ ನೊಣ ಓಡಿಸುವಷ್ಟು ಹಗುರವಾಗಿ ಮುಟ್ಟತೊಡಗಿದ.